ತಂಬೂರಿಯ ಶ್ರುತಿ ಮತ್ತು ಸ್ಟ್ರೋಬ್ ಟ್ಯೂನರ್: ಕೃಷ್ಣಾ ತೀರದ ಒಂದು ಹಳೆಯ ಪ್ರಶ್ನೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಗಾಯಕರಿಗೆ ಮಿರಜ ಪರಸ್ಥಳವಲ್ಲ. ಬೆಳಗಾವಿಯ ರೈಲು ರಾಯಬಾಗ, ಕುಡಚಿ, ಉಗಾರ, ಶೇಡಬಾಳ ದಾಟಿದರೆ ಮಿರಜ ಬಂತು. ಅಲ್ಲಿಯ ಶಿಕಲಗಾರ ಮನೆತನಗಳು ಆಯುಧಗಳಿಗೆ ಸಾಣೆ ಹಿಡಿಯುವ ಕಸುಬಿನಿಂದ ತಂಬೂರಿ ಮಾಡುವ ಕಸುಬಿಗೆ ಬಂದವು. 2024ರಲ್ಲಿ ಮಿರಜಿನ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಸೂಚಕ ದೊರೆಯಿತು. ಈ ತಂಬೂರಿಯನ್ನು ಯಂತ್ರ ನೋಡಿ ಶ್ರುತಿಗೂಡಿಸಬಹುದೆ? ಕೂಡಿಸಬಹುದು, ಆದರೆ ಯಂತ್ರದೊಳಗೆ ಮೊದಲೇ ತುಂಬಿರುವ ಸ್ವರಶ್ರೇಣಿಯನ್ನು ಬದಿಗಿಟ್ಟ ಮೇಲೆ ಮಾತ್ರ ಎಂಬುದು ಈ ಲೇಖನದ ವಾದ.

ಶ್ರುತಿಯನ್ನು ಅಳೆಯುವ ಹಂಬಲ ಈ ನೆಲಕ್ಕೆ ಹೊಸದಲ್ಲ. ಸಾಂಗಲಿಯ ನಿವೃತ್ತ ಡೆಪ್ಯುಟಿ ಕಲೆಕ್ಟರ್ ಕೃಷ್ಣಾಜಿ ಬಲ್ಲಾಳ ದೇವಲ್ ಇಪ್ಪತ್ತೆರಡು ಶ್ರುತಿಗಳ ಕುರಿತ ತಮ್ಮ ಪುಸ್ತಕವನ್ನು 1910ರಲ್ಲಿ ಪ್ರಕಟಿಸಿದರು. ಅವರ ಪ್ರಯೋಗಗಳಿಗೆ ಕಂಠ ಕೊಟ್ಟವರು ಅಬ್ದುಲ್ ಕರೀಂ ಖಾನ್. ಮುಂದೆ ಮಿರಜನ್ನೇ ಮನೆ ಮಾಡಿಕೊಂಡವರು, ಕುಂದಗೋಳದ ಸವಾಯಿ ಗಂಧರ್ವರ ಗುರು. ನ್ಯಾಯಾಧೀಶ ಕ್ಲೆಮೆಂಟ್ಸ್ ಜೊತೆಗೂಡಿ ದೇವಲ್ ರೂಪಿಸಿದ ಶ್ರುತಿ ಹಾರ್ಮೋನಿಯಂ 1916ರ ಬರೋಡಾ ಸಂಗೀತ ಸಮ್ಮೇಳನಕ್ಕೂ ಹೋಯಿತು, ಆದರೆ ಪಂಡಿತರ ಒಪ್ಪಿಗೆ ಪಡೆಯಲಿಲ್ಲ. ದೇವಲ್ಲರ ಸಾಹಸವನ್ನು ನಾನು ಗೌರವದಿಂದ ನೋಡುತ್ತೇನೆ. ಅವರ ಕೈಯಲ್ಲಿ ಇಲ್ಲದಿದ್ದ ಒಂದು ಸಾಧನ 1936ರಲ್ಲಿ ಅಮೆರಿಕದ ಕಾನ್ ಕಂಪನಿಯಿಂದ ಬಂತು: ಸ್ಟ್ರೋಬೋಕಾನ್.

ಅದರ ತತ್ತ್ವ ಸರಳ. ಪಟ್ಟೆಗಳಿರುವ ತಟ್ಟೆಯೊಂದು ನಿಗದಿತ ವೇಗದಲ್ಲಿ ತಿರುಗುತ್ತದೆ. ಕೇಳಿದ ನಾದದ ಕಂಪನಕ್ಕೆ ಸರಿಯಾಗಿ ದೀಪ ಮಿನುಗುತ್ತದೆ. ಎರಡೂ ಕೂಡಿದರೆ ಪಟ್ಟೆಗಳು ನಿಂತಂತೆ ಕಾಣುತ್ತವೆ, ಇಲ್ಲವಾದರೆ ಒಂದು ಬದಿಗೆ ಸರಿಯುತ್ತವೆ. ತಟ್ಟೆಯಲ್ಲಿ ಒಂದೊಂದು ಸಪ್ತಕಕ್ಕೆ ಒಂದೊಂದು ಬಳೆ. ತಂಬೂರಿಗೆ ಬೇಕಾದದ್ದು ಇದೇ. ಜವಾರಿ ತೆರೆದ ತಂತಿಯಲ್ಲಿ ಮೇಲಿನ ಸ್ವರಾಂಶಗಳು ಒಂದರ ಬೆನ್ನಿಗೊಂದು ಏಳುವುದರಿಂದ ಮುಳ್ಳಿನ ಟ್ಯೂನರ್ ಷಡ್ಜದಿಂದ ಪಂಚಮಕ್ಕೆ ಜಿಗಿದು ಗೊಂದಲಪಡುತ್ತದೆ. ಸ್ಟ್ರೋಬ್ ಅವುಗಳನ್ನು ಬೇರೆಬೇರೆಯಾಗಿ ತೋರಿಸುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಕಪ್ಪು ಒಂದರ ಷಡ್ಜಕ್ಕೆ ಜೋಡಿ ತಂತಿಯ ಕಂಪನ ಸೆಕೆಂಡಿಗೆ 138.59. ಅದರ ಐದನೆಯ ಅಂಶ 692.96; ನುರಿತ ಕಿವಿಗೆ ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರ ಅದೇ. ಯಂತ್ರದೊಳಗೆ ತುಂಬಿರುವ ಸಮಭಾಗದ ಶ್ರೇಣಿಯ ಗಾಂಧಾರ 698.46. ಅಂತರ ಸುಮಾರು 13.7 ಸೆಂಟ್. ಎಂದರೆ ಷಡ್ಜ ಅಚ್ಚುಕಟ್ಟಾಗಿ ಕೂಡಿದ್ದಾಗಲೇ ಯಂತ್ರ ಗಾಂಧಾರವನ್ನು ಇಳಿದದ್ದೆಂದು ತೋರಿಸುತ್ತದೆ. ಮಂದ್ರ ಪಂಚಮದ ವ್ಯತ್ಯಾಸ ಎರಡು ಸೆಂಟಿಗೂ ಕಡಿಮೆ, ಆದರೂ ನಿರ್ಲಕ್ಷಿಸುವಂತಿಲ್ಲ. ಯಂತ್ರದ ಮಾತು ಕೇಳಿ 103.83ಕ್ಕೆ ನಿಲ್ಲಿಸಿದರೆ ಅದರ ನಾಲ್ಕನೆಯ ಅಂಶವೂ ಷಡ್ಜದ ಮೂರನೆಯ ಅಂಶವೂ ತಾಗಿ, ಎರಡು ಸೆಕೆಂಡಿಗೊಮ್ಮೆ ಒಂದು ಅಲೆ ಏಳುತ್ತದೆ. ಪಂಚಮ 103.94ಕ್ಕೆ ಬಂದರೆ ಅಲೆ ಅಡಗುತ್ತದೆ. ಬಿರಡೆ ಮುಗಿದ ಮೇಲೆ ಮಣಿಯನ್ನು ಕೂದಲೆಳೆಯಷ್ಟು ಸರಿಸುವ ಹಿರಿಯರು ಹುಡುಕುವುದು ಈ ಅಡಗುವಿಕೆಯನ್ನೇ.

ಅಮೆರಿಕದ ಪೆಡಲ್ ಸ್ಟೀಲ್ ಗಿಟಾರ್ ವಾದಕರ ಸಮಸ್ಯೆಯೂ ಇದೇ. ಸಮಶ್ರೇಣಿಯ ಮೂರನೆಯ ಸ್ವರ ಅವರ ಕಿವಿಗೆ ಏರಿದಂತೆ ಕೇಳುವುದರಿಂದ ಅನೇಕರು ಅದನ್ನು ಇಳಿಸಿಕೊಳ್ಳುತ್ತಾರೆ. ಪೀಟರ್‌ಸನ್ ಕಂಪನಿಯ ಸ್ಟ್ರೋಬ್ ಟ್ಯೂನರ್‌ಗಳಲ್ಲಿ ಆ ವಾದ್ಯಕ್ಕೆಂದೇ ಹೊಂದಿಸಿದ ಶ್ರೇಣಿಗಳಿವೆ. ತಂಬೂರಿಗೂ ಹೀಗೆಯೇ 3:2ರ ಪಂಚಮವನ್ನು ಇಟ್ಟುಕೊಳ್ಳಬೇಕು.

ಜವಾರಿಯ ವಿಷಯ ಬೇರೆ. ಮೀಟಿದ ಬಿಂದುವಿನಲ್ಲಿ ಗಂಟು ಬೀಳುವ ಅಂಶಗಳು ಕೇಳಬಾರದು ಎಂಬ ಹಳೆಯ ನಿಯಮವನ್ನು ತಂಬೂರಿಯ ಬಾಗಿದ ಕುದುರೆ ಮೀರುತ್ತದೆಂದು ಸಿ. ವಿ. ರಾಮನ್ 1921ರಲ್ಲೇ ತೋರಿಸಿದರು. ಕುದುರೆಗೂ ತಂತಿಗೂ ನಡುವೆ ನೂಲಿನ ಎಳೆ ಎಲ್ಲಿ ನಿಲ್ಲಬೇಕೆಂದು ಟ್ಯೂನರ್ ಹೇಳಲಾರದು. ಯಾವ ಅಂಶ ಎಷ್ಟು ಎತ್ತರದಲ್ಲಿದೆ ಎಂದಷ್ಟೇ ಅದು ಹೇಳೀತು. ನಾದ ಎಷ್ಟು ತುಂಬಿತು ಎಂಬ ತೀರ್ಪು ಕಿವಿಯದೇ.

ಗಾಯನಕ್ಕೆ ಈ ಅನುಪಾತಗಳನ್ನು ಹೇರುವುದೂ ತಪ್ಪು. ಜೈರಾಜಭಾಯ್ ಮತ್ತು ಸ್ಟೋನ್ 1963ರಲ್ಲಿ ಹಿಂದೂಸ್ತಾನಿ ಕಲಾವಿದರ ಸ್ವರಗಳನ್ನು ಅಳೆದಾಗ ಒಂದೇ ಸ್ವರ ಒಬ್ಬೊಬ್ಬರಲ್ಲಿ ಒಂದೊಂದು ಎತ್ತರದಲ್ಲಿ ಸಿಕ್ಕಿತು. ದೇವಲ್ಲರ ಇಪ್ಪತ್ತೆರಡು ಮನೆಗಳಲ್ಲಿ ಅವು ಕೂಡಲಾರವು. ತಂಬೂರಿಯ ಬಿಗಿದ ತಂತಿಗೆ ಮಾತ್ರ ಅನುಪಾತದ ಶಿಸ್ತು ಒಪ್ಪುತ್ತದೆ.

ಅಥಣಿ, ರಾಯಬಾಗದ ಭಜನಾ ಮೇಳಗಳಂತೆ ತಂಬೂರಿಯೂ ಹಾರ್ಮೋನಿಯಮ್ಮೂ ಒಟ್ಟಿಗಿರುವಲ್ಲಿ ಸ್ಟ್ರೋಬನ್ನು ಮೊದಲು ಹಾರ್ಮೋನಿಯಂನ ಷಡ್ಜದ ರೀಡಿಗೆ ಹಿಡಿದು, ಪಟ್ಟೆ ನಿಲ್ಲುವವರೆಗೆ ಯಂತ್ರದ ಆಧಾರ ಕಂಪನವನ್ನು ಹೊಂದಿಸಿಕೊಳ್ಳಬೇಕು. ಬಳಿಕ ಜೋಡಿ ತಂತಿಗಳನ್ನು ಮೆಲ್ಲಗೆ ಮೀಟಿ, ಮೊದಲ ಏರು ಇಳಿದ ಮೇಲೆ ನೋಡಬೇಕು. ಪಂಚಮವನ್ನು ಹಾರ್ಮೋನಿಯಂನಿಂದ ಎತ್ತಿಕೊಳ್ಳದೆ ಆ ಜೋಡಿಯಿಂದಲೇ ಹುಟ್ಟಿಸಬೇಕು.