ಬಿ ಅಂದರೆ ಬರ್ಸಾ

ಸತ್ತ ಕೋಳಿಮರಿಯನ್ನು ಅಂಗಾತ ಮಲಗಿಸಿ ಕತ್ತರಿ ಹಾಕಿದಾಗ ನಾನು ಮೊದಲು ನೋಡುತ್ತಿದ್ದದ್ದು ಬಾಲದ ಬುಡ. ಅಲ್ಲಿ ಗೋಲಿಯಷ್ಟು ದಪ್ಪದ ಚೀಲವೊಂದಿರುತ್ತದೆ, ಬರ್ಸಾ. ಗಂಬೊರೊ ರೋಗ ತಗುಲಿದ ಮರಿಯಲ್ಲಿ ಅದು ಊದಿಕೊಂಡು, ಕೆಲವೊಮ್ಮೆ ರಕ್ತಗಟ್ಟಿ ಕೂತಿರುತ್ತಿತ್ತು. ಬದುಕುಳಿದ ಮರಿಗಳಿಗೆ ಆಮೇಲೆ ಕೊಕ್ಕರೆ ರೋಗದ ಲಸಿಕೆ ಹಾಕಿದರೂ ಸರಿಯಾಗಿ ಹಿಡಿಯುತ್ತಿರಲಿಲ್ಲ. ಫಾರಂನವರು ನನ್ನ ಮೇಲೇ ರೇಗುತ್ತಿದ್ದರು: "ನಿಮ್ಮ ಲಸಿಕೆನೇ ಸರಿ ಇಲ್ಲ ಡಾಕ್ಟ್ರೇ."

ಈ ಚೀಲಕ್ಕೆ ಅಂಟಿರುವುದು ಇಟಲಿಯ ಪಡುವಾದ ಅಂಗರಚನಾ ಶಾಸ್ತ್ರಜ್ಞ ಫ್ಯಾಬ್ರಿಸಿಯಸ್‌ನ ಹೆಸರು. ಅವನು ತೀರಿಕೊಂಡ ಮೇಲೆ, 1621ರಲ್ಲಿ ಅಚ್ಚಾದ ಪುಸ್ತಕದಲ್ಲಿ ಇದನ್ನು ವೀರ್ಯ ಕೂಡಿಡುವ ಜಾಗ ಎಂದಿದ್ದಾನೆ. ಪಾಪ, ಜಾಗ ನೋಡಿ ಊಹಿಸಿದ್ದಾನೆ.

ನಿಜ ಹೊರಬಿದ್ದದ್ದು ಕಡ ತಂದ ಕೋಳಿಗಳಿಂದ. ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ಸಂಶೋಧನಾ ವಿದ್ಯಾರ್ಥಿ ಮರಿಗಳ ಬರ್ಸಾ ತೆಗೆದು ಏನಾಗುತ್ತದೋ ಎಂದು ಕಾಯುತ್ತಿದ್ದ. ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಜೊತೆಯ ವಿದ್ಯಾರ್ಥಿ ಟಿಮೊಥಿ ಚಾಂಗ್‌ಗೆ ತರಗತಿಯಲ್ಲಿ ಪ್ರತಿಕಾಯ ಹುಟ್ಟುವುದನ್ನು ತೋರಿಸಲು ಕೋಳಿಗಳು ಬೇಕಿದ್ದವು. ಇವನ್ನೇ ಒಯ್ದು ಸಾಲ್ಮೊನೆಲ್ಲಾ ಚುಚ್ಚಿದ. ಕೆಲವು ಸತ್ತವು. ಉಳಿದವುಗಳ ರಕ್ತದಲ್ಲಿ ಪ್ರತಿಕಾಯವೇ ಇಲ್ಲ! ಪಾಠವೇನೋ ಕೆಟ್ಟಿತು. 'ಸೈನ್ಸ್' ಪತ್ರಿಕೆ ಇವರ ಲೇಖನವನ್ನು ಹಿಂದಿರುಗಿಸಿತು, 1956ರಲ್ಲಿ 'ಪೌಲ್ಟ್ರಿ ಸೈನ್ಸ್' ಪ್ರಕಟಿಸಿತು. ಕೋಳಿಯವರ ಪತ್ರಿಕೆಯನ್ನು ಮನುಷ್ಯರ ಡಾಕ್ಟರುಗಳು ಯಾಕಾದರೂ ತಿರುವಿ ಹಾಕುತ್ತಾರೆ? 1965ರಲ್ಲಿ ಮಿನೆಸೋಟಾದ ಮ್ಯಾಕ್ಸ್ ಕೂಪರ್, ರಾಬರ್ಟ್ ಗುಡ್ ಜೋಡಿ ಅದೇ ಚೀಲ ಹಿಡಿದು ಹೊರಟು, ಪ್ರತಿಕಾಯ ಮಾಡುವ ಕೋಶಗಳ ಕುಲವೇ ಬೇರೆ ಎಂದು ತೋರಿಸಿತು. ಆ ಕೋಶಗಳನ್ನೇ ಈಗ ಬಿ ಕೋಶ ಅನ್ನುವುದು; 'ಬಿ' ಈ ಬರ್ಸಾದ್ದು.

ಮನುಷ್ಯರಿಗೆ ಬರ್ಸಾ ಇಲ್ಲ, ಆ ಕೆಲಸ ಮೂಳೆಮಜ್ಜೆಯದು. 1952ರಲ್ಲೇ ಅಮೆರಿಕದ ಸೇನಾ ವೈದ್ಯ ಆಗ್ಡೆನ್ ಬ್ರೂಟನ್, ಮೇಲಿಂದ ಮೇಲೆ ಸೋಂಕಿಗೆ ಬೀಳುತ್ತಿದ್ದ ಎಂಟು ವರ್ಷದ ಹುಡುಗನ ರಕ್ತದಲ್ಲಿ ಗಾಮಾ ಗ್ಲೋಬ್ಯುಲಿನ್, ಅಂದರೆ ಪ್ರತಿಕಾಯಗಳಿರುವ ಅಂಶವೇ, ಇಲ್ಲದ್ದನ್ನು ಕಂಡಿದ್ದ. ನನ್ನ ಮರಿಗಳದೇ ಅವಸ್ಥೆ. ಕಾರಣ ಸಿಕ್ಕಿದ್ದು 1993ರಲ್ಲಿ, ಬಿಟಿಕೆ ಎಂಬ ಪ್ರೋಟೀನಿನಲ್ಲಿ. ಬಿ ಕೋಶದ ಮೈಮೇಲಿನ ಗ್ರಾಹಕಕ್ಕೆ ರೋಗಾಣು ತಗುಲಿದರೆ ಸುದ್ದಿ ಪ್ರೋಟೀನಿನಿಂದ ಪ್ರೋಟೀನಿಗೆ, ಕೈಯಿಂದ ಕೈಗೆ ದಾಟಬೇಕು: ಲಿನ್, ಸಿಕ್, ಆಮೇಲೆ ಬಿಟಿಕೆ. ಫಾಸ್ಫೇಟು ಅಂಟಿಸಿ ಒಂದು ಇನ್ನೊಂದನ್ನು ಎಬ್ಬಿಸುತ್ತದೆ. ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಆಮೇಲೆಯೇ ಕೋಶ ಹೆಚ್ಚಿ ಪ್ರತಿಕಾಯ ಸುರಿಸುವುದು. ಬಿಟಿಕೆ ಕೆಟ್ಟ ಹುಡುಗರಲ್ಲಿ ಬಿ ಕೋಶ ಮಜ್ಜೆಯಲ್ಲೇ ಬಲಿಯದೆ ನಿಂತುಬಿಡುತ್ತದೆ. ಕೆಲವು ರಕ್ತದ ಕ್ಯಾನ್ಸರುಗಳಲ್ಲಿ ಇದೇ ಸುದ್ದಿ ನಿಲ್ಲುವುದೇ ಇಲ್ಲ. ಅಲ್ಲಿ ಬಿಟಿಕೆಯ ಕೈ ಕಟ್ಟುವ ಇಬ್ರುಟಿನಿಬ್ ಗುಳಿಗೆಗೆ 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಫಾರಂನವರಿಗೆ ಇಷ್ಟೆಲ್ಲ ಹೇಳುತ್ತಿರಲಿಲ್ಲ. ಚೀಲ ಸೀಳಿ ತೋರಿಸಿ, "ಮದ್ದು ತಯಾರಾಗೋ ಮನೇನೇ ಕುಸಿದಿದೆ ಗೌಡ್ರೇ, ಲಸಿಕೆ ಯಾರನ್ನ ಎಬ್ಬಿಸುತ್ತೆ?" ಅನ್ನುತ್ತಿದ್ದೆ. ಗೌಡರು ಬಗ್ಗಿ ನೋಡಿ, ಮೂಗು ಮುಚ್ಚಿಕೊಂಡು, ಮುಂದಿನ ಬ್ಯಾಚಿಗೆ ಗಂಬೊರೊ ಲಸಿಕೆ ಯಾವ ದಿನ ಅಂತ ಕೇಳುತ್ತಿದ್ದರು.