ಬೈಗುಳವನ್ನೇ ಹೆಸರಾಗಿಸಿಕೊಂಡ ಗ್ರಂಥ

ಅಂಗಡಿಗಳಲ್ಲಿ ದೊರೆಯದೆ ಹೋದ ಮೇಲೂ ಓದುಗರ ಕೈಯಿಂದ ಕೈಗೆ ಸಾಗಿ ಬದುಕುವ ಗ್ರಂಥಗಳುಂಟು. ಅಮೆರಿಕದ ಲ್ಯಾರಿ ಮಿಚೆಲ್ ಎಂಬ ಲೇಖಕನು 1977ರಲ್ಲಿ ಹೊರತಂದ ‘ದಿ ಫ್ಯಾಗಟ್ಸ್ ಆ್ಯಂಡ್ ದೇರ್ ಫ್ರೆಂಡ್ಸ್ ಬಿಟ್ವೀನ್ ರೆವಲ್ಯೂಷನ್ಸ್’ ಎಂಬುದು ಅಂಥದೊಂದು. ‘ಫ್ಯಾಗಟ್’ ಎಂಬುದು ಪುರುಷರನ್ನು ಪ್ರೀತಿಸುವ ಪುರುಷರಿಗೆ ಆ ದೇಶದ ಬೀದಿಗಳಲ್ಲಿ ಸಲ್ಲುತ್ತಿದ್ದ ಬೈಗುಳು. ಮಿಚೆಲನು ಅದನ್ನೇ ಆಯ್ದು, ತನ್ನವರ ಹೆಸರನ್ನಾಗಿ ಮಾಡಿಕೊಂಡನು.

1969ರ ಜೂನ್ ತಿಂಗಳಿನಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಎಂಬ ಪಾನಗೃಹದ ಮೇಲೆ ಪೋಲೀಸರು ದಾಳಿಯಿಟ್ಟಾಗ, ಅಲ್ಲಿ ನೆರೆದಿದ್ದವರು ತಲೆತಗ್ಗಿಸದೆ ಎದುರುನಿಂತರು. ತರುವಾಯ ಬೆಳೆದ ಚಳವಳಿಯಲ್ಲಿ ಎರಡು ಮತಗಳು ಕಾಣಿಸಿದುವು. ಇರುವ ಸಮಾಜದೊಳಗೆ ಸಮಾನವಾದ ಹಕ್ಕು ದೊರೆತರೆ ಸಾಕೆಂಬುದು ಒಂದು. ಸಮಾಜದ ಕಟ್ಟಡವೇ ಮಾರ್ಪಡಬೇಕೆಂಬುದು ಇನ್ನೊಂದು. ಮಿಚೆಲನು ಎರಡನೆಯ ಮತದವನು. ಇಥಾಕಾ ನಗರದ ಸಮೀಪದಲ್ಲಿ ‘ಲ್ಯಾವೆಂಡರ್ ಹಿಲ್’ ಎಂಬ ಹೆಸರಿನಿಂದ ಒಂದುಗೂಡಿ ಬಾಳಿದ ಗೆಳೆಯರ ಬಳಗಕ್ಕೆ ಆತನು ಸೇರಿದ್ದನು. ಗ್ರಂಥದ ಚಿತ್ರಗಳನ್ನು ಬರೆದ ನೆಡ್ ಆಸ್ಟಾ ಎಂಬಾಕೆಯೂ ಅದೇ ಬಳಗದವಳು. ಪ್ರಕಟಿಸಿದುದು ಮಿಚೆಲನದೇ ಆದ ‘ಕ್ಯಾಲಮಸ್’ ಪ್ರಕಟನಾಲಯ. ಕ್ಯಾಲಮಸ್ ಎಂದರೆ ನಮ್ಮ ಬಜೆಯ ಜಾತಿಯ ಗಿಡ. ಪುರುಷರ ಸ್ನೇಹವನ್ನು ಕುರಿತು ವಾಲ್ಟ್ ವಿಟ್ಮನ್ ಕವಿಯು 1860ರಲ್ಲಿ ಪ್ರಕಟಿಸಿದ ಕವನಗುಚ್ಛಕ್ಕೂ ಅದೇ ಹೆಸರು.

ಗ್ರಂಥವು ಚಿಕ್ಕ ಚಿಕ್ಕ ಪ್ರಸಂಗಗಳ ನೀತಿಕಥೆಯಂತಿದೆ. ರ್‍ಯಾಮ್‌ರಾಡ್ ಎಂಬ ಕಲ್ಪಿತ ರಾಜ್ಯವು ಅವನತಿಯಲ್ಲಿರುವುದು. ಆಳುವ ‘ಪುರುಷರು’ ಸಂಪತ್ತಿಗೂ ಯುದ್ಧಕ್ಕೂ ಸೋತವರು. ಅವರ ನೆರಳಿನಲ್ಲಿ ಉಳಿದವರು ಹಂಚಿ ಉಂಡು, ಕಥೆ ಹೇಳಿ, ಹಬ್ಬಮಾಡಿ ಒಬ್ಬರನ್ನೊಬ್ಬರು ಕಾಪಾಡಿಕೊಳ್ಳುತ್ತಾರೆ. ಕಳೆದ ಕ್ರಾಂತಿಗೂ ಬರಲಿರುವ ಕ್ರಾಂತಿಗೂ ನಡುವೆ ಮನುಷ್ಯನು ಬಾಳುವುದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ. ಕೇಡೆಲ್ಲವನ್ನೂ ಒಂದೇ ವರ್ಗದ ತಲೆಗೆ ಕಟ್ಟಿರುವುದು ಗ್ರಂಥದ ಕೊರತೆಯೆನ್ನಬಹುದು. ಆದರೆ ಆ ಪ್ರಶ್ನೆಯು ಇದರಿಂದ ಹಗುರಾಗುವುದಿಲ್ಲ.

1981ರಲ್ಲಿ ಮೊದಲು ವರದಿಯಾದ ಏಡ್ಸ್ ರೋಗವು ಈ ಗ್ರಂಥವನ್ನು ಮೊದಲು ಓದಿದ ಪೀಳಿಗೆಯನ್ನೇ ಕ್ರೂರವಾಗಿ ತಾಕಿತು. ಪ್ರತಿಗಳು ಮುಗಿದು, ಮತ್ತೆ ಅಚ್ಚಾಗದೆ ಉಳಿದ ದೀರ್ಘಕಾಲದಲ್ಲಿ ಓದುಗರು ನೆರಳಚ್ಚು ತೆಗೆದು ಹಂಚಿಕೊಂಡರು. ಮಿಚೆಲನು 2012ರಲ್ಲಿ ತೀರಿಕೊಂಡನು. 2015ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಸಲಿಂಗ ವಿವಾಹವನ್ನು ದೇಶಾದ್ಯಂತ ಮನ್ನಿಸಿತು. ಮೊದಲನೆಯ ಮತವು ಗೆದ್ದಿತೆಂದೂ, ಎರಡನೆಯದರ ಕೆಲಸ ಮುಗಿಯಿತೆಂದೂ ಯಾರಿಗಾದರೂ ತೋರಬಹುದಾಗಿತ್ತು. ಆದರೆ ನಾಲ್ಕು ವರುಷಗಳಲ್ಲಿಯೇ, 2019ರಲ್ಲಿ, ನೈಟ್‌ಬೋಟ್ ಎಂಬ ಪ್ರಕಟನಾಲಯವು ಗ್ರಂಥವನ್ನು ಪುನಃ ಅಚ್ಚುಹಾಕಿಸಿತು. 2023ರಲ್ಲಿ ಫಿಲಿಪ್ ವೆನಬಲ್ಸ್ ಮತ್ತು ಟೆಡ್ ಹಫ್‌ಮನ್ ಎಂಬವರು ಇದನ್ನು ಗೀತನಾಟಕವಾಗಿಸಿ ಮ್ಯಾಂಚೆಸ್ಟರಿನಲ್ಲಿ ರಂಗಕ್ಕೆ ತಂದರು.

ಹಕ್ಕುಗಳು ದೊರೆತ ಮೇಲೂ ಹೊಸ ಓದುಗರು ಇದನ್ನು ಅರಸಿ ಬಂದುದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮನ್ನಣೆಯನ್ನು ನ್ಯಾಯಾಲಯವು ಕೊಡಬಲ್ಲದು. ಹಸಿದಾಗ ಅನ್ನವನ್ನೂ ರೋಗದಲ್ಲಿ ಆರೈಕೆಯನ್ನೂ ಹಂಚಿಕೊಳ್ಳುವ ಬಳಗವನ್ನಾದರೋ ಜನರು ತಾವೇ ಕಟ್ಟಿಕೊಳ್ಳಬೇಕು. ಈ ಗ್ರಂಥವನ್ನು ಅಳಿಯಗೊಡದೆ ಉಳಿಸಿದುದೂ ಅಂಥ ಬಳಗವೇ.