ಕೆಚ್ಚಲಿನ ನಂಜು: ಕಪಿಲೆಯ ದಂಡೆಯಲ್ಲಿ ಒಂದು ರೋಗದ ಚರಿತ್ರೆ

ಗಾಯ ಕೀವಾದರೆ ನಮ್ಮ ಕಡೆ ‘ನಂಜಾಯ್ತು’ ಎನ್ನುತ್ತೇವೆ. ಹಸುವಿನ ಕೆಚ್ಚಲಿಗೆ ಬಂದ ಕಾಯಿಲೆಯನ್ನು ಮಾತ್ರ ‘ಕೆಚ್ಚಲು ಬಾವು’ ಎನ್ನುವುದು ರೂಢಿ. ಬಾವು ಹೊರಗೆ ಕಾಣುವ ಲಕ್ಷಣ. ಒಳಗೆ ಕೋಶಗಳನ್ನು ಕೊಲ್ಲುವುದು ನಂಜು, ಅಂದರೆ ವಿಷ. ವಿಷಕಂಠ ಶಿವನ ಊರಾದ, ಕಪಿಲೆಯ ದಂಡೆಯ ನಂಜನಗೂಡಿನಲ್ಲಿ ಈ ರೋಗದ ಚರಿತ್ರೆಯನ್ನು ‘ನಂಜು’ ಎಂಬ ಪದದಿಂದಲೇ ಶುರು ಮಾಡುವುದು ಸರಿ ಎಂದು ನನಗೆ ತೋರುತ್ತದೆ.

ಪಕ್ಕದ ತಿ. ನರಸೀಪುರ ತಾಲ್ಲೂಕಿನ ಮುಡುಕುತೊರೆಯ ದನಗಳ ಜಾತ್ರೆ ಹಿಂದಿನಿಂದಲೂ ಎತ್ತುಗಳ ಜಾತ್ರೆ. ಹಳ್ಳಿಕಾರ್ ಜೋಡಿಯ ಹಲ್ಲು, ಕೊಂಬು, ಸುಳಿ ನೋಡಿ ಬೆಲೆ ಕಟ್ಟುತ್ತಿದ್ದರು. ಕೆಚ್ಚಲಿನ ಮಾತು ಅಲ್ಲಿ ಹೆಚ್ಚಿರಲಿಲ್ಲ. ನಾಟಿ ಹಸುವಿನ ಹಾಲು ಮೊದಲು ಕರುವಿಗೆ, ಉಳಿದದ್ದು ಮನೆಗೆ. ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟು ಮುಗಿದ 1974ರಲ್ಲೇ ವಿಶ್ವಬ್ಯಾಂಕ್ ನೆರವಿನ ಹೈನು ಯೋಜನೆಯೂ ರಾಜ್ಯಕ್ಕೆ ಬಂತು. ನಾಲೆ ನೀರಿನ ಹಿಂದೆ ಭತ್ತದ ಹುಲ್ಲು, ಡೈರಿಯ ಹಿಂದೆ ಸೀಮೆಹಸು. ದೊಡ್ಡ ಕೆಚ್ಚಲು, ನೆಲಕ್ಕೆ ಹತ್ತಿರದ ತೊಟ್ಟು, ಗಂಜಲ ನಿಂತ ಕೊಟ್ಟಿಗೆ: ರೋಗಾಣುವಿಗೆ ಇದಕ್ಕಿಂತ ಅನುಕೂಲ ಬೇಕೆ?

ರೋಗಾಣು ಗೊತ್ತಾದದ್ದು ಬಹಳ ಮೊದಲೇ. 1887ರಲ್ಲಿ ಫ್ರಾನ್ಸಿನ ನೊಕಾರ್ ಮತ್ತು ಮೊಲ್ರೊ ಬಾವಿನ ಹಾಲಿನಲ್ಲಿ ಸ್ಟ್ರೆಪ್ಟೊಕಾಕಸ್ ಕಂಡರು. ರೋಗಾಣುಗಳ ನಂಜಿನ ಕಡೆ ಗಮನ ಹರಿದದ್ದು ನಿಧಾನವಾಗಿ. ಕೆಚ್ಚಲು ಬಾವು ತರುವ ಇನ್ನೊಂದು ರೋಗಾಣು ಸ್ಟ್ಯಾಫಿಲೊಕಾಕಸ್ ಆರಿಯಸ್ ಹೊರಬಿಡುವ ವಿಷಗಳಲ್ಲಿ ಆಲ್ಫಾ, ಬೀಟಾ ಎಂದು ಎರಡು ಬಗೆ ಇವೆ ಎಂದು ಗ್ಲೆನಿ ಮತ್ತು ಸ್ಟೀವನ್ಸ್ 1935ರಲ್ಲಿ ಬಿಡಿಸಿ ತೋರಿಸಿದರು. ಆಲ್ಫಾ ವಿಷದ ಏಳು ಅಣುಗಳು ಉಂಗುರವಾಗಿ ಸೇರಿ ಕೋಶದ ಪೊರೆಗೆ ತೂತು ಕೊರೆಯುವ ಬಗೆ ಕಣ್ಣಿಗೆ ಕಟ್ಟುವಂತೆ ತಿಳಿದದ್ದು 1996ರಲ್ಲಿ.

ಕೆಚ್ಚಲೊಳಗೆ ಹಾಲೂರುವ ಗೂಡುಗಳ ಗೋಡೆ ಒಂದೇ ಕೋಶದಷ್ಟು ತೆಳು. ತೂತು ಬಿದ್ದರೆ ಪೊಟ್ಯಾಸಿಯಂ ಸೋರುತ್ತದೆ, ಕ್ಯಾಲ್ಸಿಯಂ ನುಗ್ಗುತ್ತದೆ, ಕೋಶ ಸಾಯುತ್ತದೆ. ಗೋಡೆ ಒಡೆದ ಕಡೆ ರಕ್ತದ ಸೋಡಿಯಂ, ಕ್ಲೋರೈಡ್ ಹಾಲಿಗೆ ಬೆರೆಯುತ್ತವೆ, ಲ್ಯಾಕ್ಟೋಸ್ ಇಳಿಯುತ್ತದೆ. ‘ಹಾಲು ಉಪ್ಪುಪ್ಪಾಗಿದೆ’ ಎಂದು ನಾಲಿಗೆ ಹೇಳುವುದು ಇದನ್ನೇ. ಬೆಳಗಿನ ಮೊದಲ ಧಾರೆ ಅಂಗೈಗೆ ಹಿಡಿದರೆ ಮೊಸರಿನ ಚೂರಿನಂಥದ್ದು ಕಾಣುತ್ತದೆ, ಕೆಲವೊಮ್ಮೆ ನೆತ್ತರಿನ ಎಳೆ. ಬೀಟಾ ವಿಷ ಪೊರೆಯ ಕೊಬ್ಬನ್ನು ಕತ್ತರಿಸುತ್ತದೆ. ಆಲ್ಫಾ ಅತಿಯಾದರೆ ರಕ್ತನಾಳ ಕಟ್ಟಿ ಕೆಚ್ಚಲು ನೀಲಿಗಟ್ಟಿ ತಣ್ಣಗಾಗುತ್ತದೆ. ಆ ಭಾಗ ಕಳಚಿ ಬೀಳುವುದೂ ಉಂಟು.

ಗಂಜಲ, ಸಗಣಿಯಿಂದ ಬರುವ ಇ. ಕೋಲೈ ದಾರಿ ಬೇರೆ. ಅದರ ನಂಜು ಅದರ ಮೈಗೋಡೆಯಲ್ಲೇ ಇದೆ. 1892ರಲ್ಲಿ ಫೈಫರ್ ಇಂಥದ್ದನ್ನು ಗುರುತಿಸಿದರು; ಅದಕ್ಕೆ ಎಂಡೋಟಾಕ್ಸಿನ್ ಎಂದು ಹೆಸರು. ರೋಗಾಣು ಸತ್ತಾಗ ಅದು ಬಿಡುಗಡೆಯಾಗುತ್ತದೆ, ಹಸುವಿನ ಬಿಳಿ ರಕ್ತಕಣಗಳು ಮುಗಿಬೀಳುತ್ತವೆ, ಆ ಕಾಳಗದಲ್ಲಿ ಹಾಲಿನ ಕೋಶಗಳೂ ಸಾಯುತ್ತವೆ. ಶಾಲ್ಮ್ ಮತ್ತು ನೂರ್ಲಾಂಡರ್ 1957ರಲ್ಲಿ ಪ್ರಕಟಿಸಿದ, ಕೆಚ್ಚಲು ಬಾವು ಪತ್ತೆಹಚ್ಚುವ ಪರೀಕ್ಷೆಯಲ್ಲಿ ಡಿಟರ್ಜೆಂಟ್ ಬೆರೆಸಿದ ಹಾಲು ಲೋಳೆಯಾಗುವುದು ಈ ಬಿಳಿ ರಕ್ತಕಣಗಳಿಂದಲೇ.

ತೊಟ್ಟಿಗೆ ಏರಿಸಿದ ಆಂಟಿಬಯಾಟಿಕ್ ರೋಗಾಣುವನ್ನು ಕೊಲ್ಲುತ್ತದೆ, ಆಗಲೇ ಬಿಡುಗಡೆಯಾದ ನಂಜನ್ನಲ್ಲ. ಮನೆಯಲ್ಲಿ ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚಿದರೂ ಅಷ್ಟೇ, ಸತ್ತ ಕೋಶ ಮರಳದು. ಅಲ್ಲಿ ನಾರು ಬೆಳೆದರೆ ತೊಟ್ಟು ಬತ್ತಿತು. ಈಗ ಹಸು ಕೊಳ್ಳುವವನು ಹಲ್ಲು ನೋಡಿದ ಮೇಲೆ ಕುಕ್ಕರಗಾಲಲ್ಲಿ ಕೂತು ನಾಲ್ಕೂ ತೊಟ್ಟು ಹಿಂಡಿ ನೋಡುತ್ತಾನೆ. ಮೂರು ತೊಟ್ಟಿನ ಹಸುವಿಗೆ ಬೆಲೆಯೇ ಬೇರೆ.